ಕ್ಲಬ್ಬಿಗೆ ಫೀಸ್ ಕಟ್ಟೋ ಮುಂಚೆ

ಸ್ಯಾನ್ ಆಂಟೋನಿಯೊಗೆ ಬಂದು ತಿಂಗಳಾಗಿಲ್ಲ, ಎಂಟನೇ ಕ್ಲಾಸಿನ ಮಗ ಆಗಲೇ ಕ್ರಿಕೆಟ್ ಬ್ಯಾಟನ್ನ ಮೂಲೆಗೆ ಹಾಕಿದ್ದಾನೆ, ಬ್ಯಾಸ್ಕೆಟ್‌ಬಾಲ್ ಆಡಿ ಸ್ಟೀಫನ್ ಕ್ಯಾಸಲ್ ಥರ ಎನ್‌ಬಿಎ ಅನ್ನೋ ಇಲ್ಲಿನ ವೃತ್ತಿಪರ ಲೀಗಿನ ರೂಕಿ ಆಫ್ ದಿ ಇಯರ್ (ಮೊದಲ ವರ್ಷ ಆಡೋರಲ್ಲಿ ಅತ್ಯುತ್ತಮ ಆಟಗಾರ) ಆಗ್ತೀನಿ ಅಂತಿದ್ದಾನೆ ಅಂತ ಬರೆದಿದ್ದೀರಿ. ಖಾಸಗಿ ಕ್ಲಬ್ಬಿನವರು ಕೇಳ್ತಿರೋ ಫೀಸ್ ಕಟ್ಟೋದಾ ಬೇಡವಾ, ಇಲ್ಲಿ ಹುಡುಗರು ಆಟದಲ್ಲಿ ಮೇಲೆ ಬರೋದು ಹೇಗೆ ಅನ್ನೋದು ನಿಮ್ಮ ಪ್ರಶ್ನೆ. ಹೊಸಬರೆಲ್ಲ ಕಾರ್ ಲೋನು, ಮನೆ ಬಾಡಿಗೆ ಅಂತಲೇ ಕೇಳೋದು. ಇದನ್ನ ಕೇಳಿದ್ದು ಖುಷಿಯಾಯ್ತು.

ಈ ಊರಿನ ಹುಡುಗ ಆ ಮಾತಾಡೋದರಲ್ಲಿ ಆಶ್ಚರ್ಯ ಇಲ್ಲ. 2024ರಲ್ಲಿ ವಿಕ್ಟರ್ ವೆಂಬನ್ಯಾಮಾ, 2025ರಲ್ಲಿ ಕ್ಯಾಸಲ್, ಹೀಗೆ ಇಲ್ಲಿನ ಸ್ಪರ್ಸ್ ತಂಡಕ್ಕೆ ಎರಡು ವರ್ಷ ಬಿಡದೆ ಆ ಪ್ರಶಸ್ತಿ ಬಂತು. ಹಿಂದೆ ಡೇವಿಡ್ ರಾಬಿನ್ಸನ್, ಟಿಮ್ ಡಂಕನ್ ಗೆದ್ದಿದ್ದೂ ಇದೇ ತಂಡದಲ್ಲಿ. ಆದರೆ ಅದು ಯಾರ ಪಾಲಾಗುತ್ತೆ ಅಂತ ಸ್ವಲ್ಪ ಗಮನಿಸಿದ್ರೆ ನಿಮ್ಮ ಫೀಸಿನ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತೆ.

ಪತ್ರಕರ್ತರು, ಕಾಮೆಂಟೇಟರ್‌ಗಳು ಸೇರಿ 100 ಜನ ಮತ ಹಾಕ್ತಾರೆ. ಮೊದಲ ಸ್ಥಾನಕ್ಕೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಯಾರಲ್ಲಿ ಪ್ರತಿಭೆ ಜಾಸ್ತಿ ಅನ್ನೋದಕ್ಕಿಂತ ಆ ವರ್ಷ ಕೋರ್ಟಿಗಿಳಿದು ಆಡಿದ್ದು ಯಾರು ಅನ್ನೋದೇ ಅಲ್ಲಿ ಲೆಕ್ಕಕ್ಕೆ ಬರೋದು. 2016-17ನ್ನೇ ತಗೊಳ್ಳಿ. ಡ್ರಾಫ್ಟಿನಲ್ಲಿ (ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) ಮೊದಲನೆಯವನಾಗಿ ಆಯ್ಕೆಯಾದ ಬೆನ್ ಸಿಮನ್ಸ್ ಕಾಲು ಮುರಿದುಕೊಂಡು ಇಡೀ ವರ್ಷ ಕೂತ. ಜೋಯೆಲ್ ಎಂಬೀಡ್ ಪಂದ್ಯಕ್ಕೆ 20 ಪಾಯಿಂಟ್ ಸರಾಸರಿ ಹೊಡೆದರೂ ಆಡಿದ್ದು ಬರೀ 31 ಪಂದ್ಯ. ಗೆದ್ದಿದ್ದು ಮಾಲ್ಕಮ್ ಬ್ರಾಗ್ಡನ್: 36ನೇ ಆಯ್ಕೆ, ಸರಾಸರಿ ಹತ್ತೇ ಪಾಯಿಂಟು, ವರ್ಜೀನಿಯಾದಲ್ಲಿ ಸ್ನಾತಕೋತ್ತರ ಪದವಿಯನ್ನೂ ಮುಗಿಸಿ ಬಂದವನು. (ನಮ್ಮ ಕಡೆ ಅಪ್ಪ-ಅಮ್ಮಂದಿರಿಗೆ ಹೇಳಿ ಮಾಡಿಸಿದ ಹುಡುಗ!) ಮಿಲ್ವಾಕಿ ತಂಡದಲ್ಲಿ ಕ್ರಿಸ್ ಮಿಡಲ್‌ಟನ್‌ಗೆ ಗಾಯ ಆಗಿತ್ತು, ಇವನಿಗೆ ಜಾಗ ಸಿಕ್ತು, ಸಿಕ್ಕಿದ್ದನ್ನ ಬಿಟ್ಟುಕೊಡಲಿಲ್ಲ.

ಕ್ಯಾಸಲ್ ಕಥೆಯೂ ಹೆಚ್ಚುಕಮ್ಮಿ ಅದೇ. 2024ರ ಡ್ರಾಫ್ಟಿನಲ್ಲಿ ನಾಲ್ಕನೆಯವನು. 2025ರ ಫೆಬ್ರವರಿಯಲ್ಲಿ ವೆಂಬನ್ಯಾಮಾ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಆ ವರ್ಷದ ಆಟ ನಿಲ್ಲಿಸಬೇಕಾಯ್ತು. ಆಮೇಲೆ ಚೆಂಡು ಇವನ ಕೈಗೆ ಹೆಚ್ಚೆಚ್ಚು ಬರೋಕೆ ಶುರುವಾಯ್ತು. 82ರಲ್ಲಿ 81 ಪಂದ್ಯ ಆಡಿದ. ನನಗಂತೂ ಅವನಿಗಿಂತ ಆ ವರ್ಷ ಮೂರನೇ ಸ್ಥಾನಕ್ಕೆ ಬಂದ ಮೆಂಫಿಸ್‌ನ ಜೇಲನ್ ವೆಲ್ಸ್ ಇಷ್ಟ. ಸೊನೋಮಾ ಸ್ಟೇಟ್ ಅನ್ನೋ ಎರಡನೇ ದರ್ಜೆಯ ಕಾಲೇಜು ತಂಡದಲ್ಲಿ ಶುರುಮಾಡಿದವನು. ದೊಡ್ಡ ಹೆಸರಿನ ಕಾಲೇಜಿನ ಬೆಂಚಲ್ಲಿ ಎರಡು ವರ್ಷ ಕೂತಿದ್ದರೆ ಅವನ ಹೆಸರು ನಮಗೆ ಗೊತ್ತೇ ಆಗ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಅದಕ್ಕೇ ಹೇಳೋದು, ಆಟಗಾರ ಬೆಳೆಯೋದು ಆಡಿದ ನಿಮಿಷಗಳಲ್ಲಿ. ಜೆರ್ಸಿ ಮೇಲಿನ ಹೆಸರಲ್ಲಲ್ಲ.

ಇನ್ನು ನಿಮ್ಮ ಮಗನ ವಿಷಯ. ಎಂಟನೇ ಕ್ಲಾಸು ತಡ ಆಯ್ತು ಅಂತ ಯಾರಾದ್ರೂ ಹೆದರಿಸಿದ್ರೆ ತಲೆ ಕೆಡಿಸ್ಕೋಬೇಡಿ. ಡಂಕನ್ ಮೊದಲು ಈಜುಗಾರ. ವರ್ಜಿನ್ ದ್ವೀಪಗಳ ಸೇಂಟ್ ಕ್ರೋಯ್‌ನಲ್ಲಿ 1989ರ ಹ್ಯೂಗೋ ಚಂಡಮಾರುತ ಈಜುಕೊಳವನ್ನ ಹಾಳುಮಾಡಿದ ಮೇಲೆ ಬ್ಯಾಸ್ಕೆಟ್‌ಬಾಲ್ ಹಿಡಿದಿದ್ದು.

ಇಲ್ಲಿ ಮೊದಲ ಮೆಟ್ಟಿಲು ಶಾಲೆಯ ತಂಡವೇ. ಹೈಸ್ಕೂಲಿಗೆ ಹೋದ ಮೇಲೆ ಫ್ರೆಶ್‌ಮನ್ (ಮೊದಲ ವರ್ಷದವರು), ಜೆವಿ (ಎರಡನೇ ತಂಡ), ವಾರ್ಸಿಟಿ (ಶಾಲೆಯ ಮುಖ್ಯ ತಂಡ) ಅಂತ ಹಂತಗಳು. ಟ್ರೈಔಟ್, ಅಂದ್ರೆ ಆಟ ಆಡಿಸಿ ಆಯ್ಕೆ ಮಾಡೋದು, ಮುಗಿದ ಮೇಲೆ ಹೆಸರಿನ ಪಟ್ಟಿ ಬರುತ್ತೆ, ಹೆಸರಿಲ್ಲದವರು ಚೀಲ ಎತ್ತಿಕೊಂಡು ಮನೆಗೆ. ನಾನು ಆ ಕೋಚ್ ಹತ್ರ ಮಾತಾಡ್ತೀನಿ, ಈ ಹೆಡ್‌ಮಾಸ್ಟರ್ ಗೊತ್ತು ಅನ್ನೋದೆಲ್ಲ ನಡೆಯಲ್ಲ. ಟೆಕ್ಸಸ್‌ನಲ್ಲಿ ಇನ್ನೊಂದು ಒಳ್ಳೆ ಕಟ್ಟಳೆ ಇದೆ: ಒಂದು ವಿಷಯದಲ್ಲಿ 70ಕ್ಕಿಂತ ಕಮ್ಮಿ ಬಂದ್ರೂ ಕಡೇಪಕ್ಷ ಮೂರು ವಾರ ಪಂದ್ಯಕ್ಕಿಳಿಸಲ್ಲ. ಹೋಂವರ್ಕ್ ಮಾಡು ಅಂತ ನೀವು ಬೈಯೋದು ತಪ್ಪುತ್ತೆ.

ಖಾಸಗಿ ಕ್ಲಬ್ಬುಗಳು, ಇಲ್ಲಿ ಎಲ್ಲರೂ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಹೆಸರಲ್ಲಿ ಎಎಯು ಅಂತಾರೆ, ಬೇಸಿಗೆಯ ಸಂತೆ. ಒಂದು ಸಲ ಶನಿವಾರ ಸುಮ್ಮನೆ ನೋಡಿಕೊಂಡು ಬನ್ನಿ. ದೊಡ್ಡ ಹಾಲಿನಲ್ಲಿ ಸಾಲಾಗಿ ಕೋರ್ಟುಗಳು, ಪಕ್ಕದ ಕೋರ್ಟಿನ ವಿಷಲ್ ಊದಿದ್ರೆ ಈ ಕೋರ್ಟಿನ ಹುಡುಗರು ನಿಂತುಬಿಡ್ತಾರೆ. ಮದುವೆಮನೆಯಲ್ಲಿ ಒಂದು ಪಂಕ್ತಿ ಏಳೋ ಮೊದಲೇ ಇನ್ನೊಂದು ಪಂಕ್ತಿಯವರು ಬೆನ್ನ ಹಿಂದೆ ನಿಂತಿರ್ತಾರಲ್ಲ, ಹಾಗೆ. ಮಗನ ಆಟ ನೋಡೋಕೆ ನೀವೂ ಬಾಗಿಲಲ್ಲಿ ದುಡ್ಡು ಕೊಡಬೇಕು! ಕಾಲೇಜು ಕೋಚ್‌ಗಳು ಹುಡುಗರನ್ನ ಹುಡುಕೋದು ಅಲ್ಲೇ, ನಿಜ. ಆದರೆ ಅವರು ಬರೋದು ಮೇಲ್ಮಟ್ಟದ ಕೆಲವೇ ಟೂರ್ನಮೆಂಟ್‌ಗಳಿಗೆ, ಎಲ್ಲದಕ್ಕೂ ಅಲ್ಲ.

ಹೈಸ್ಕೂಲಲ್ಲಿ ಆಡಿದ ನೂರು ಹುಡುಗರಲ್ಲಿ ಕಾಲೇಜು ತಂಡ ಸೇರೋರು ಮೂರ್ನಾಲ್ಕು ಜನ. ಎನ್‌ಬಿಎ ಡ್ರಾಫ್ಟಿನಲ್ಲಿ ಎರಡೇ ಸುತ್ತು, ಇಡೀ ಜಗತ್ತಿಗೆ ಸೇರಿ ಅರವತ್ತರ ಆಸುಪಾಸು ಜಾಗ, ಅದೂ 19 ತುಂಬೋ ವರ್ಷಕ್ಕಿಂತ ಮುಂಚೆ ಇಲ್ಲ. ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಏಳಡಿ ಮೇಲಿದ್ದ, ಹದಿನಾಲ್ಕಕ್ಕೇ ಫ್ಲಾರಿಡಾದ ಅಕಾಡೆಮಿ ಸೇರಿದ್ದ, 2015ರಲ್ಲಿ ಡಲ್ಲಾಸ್ 52ನೆಯವನಾಗಿ ಆರಿಸಿತು. ಎನ್‌ಬಿಎಯಲ್ಲಿ ಒಂದು ಪಂದ್ಯವೂ ಆಡೋಕೆ ಸಿಗಲಿಲ್ಲ.

ಇನ್ನೊಂದು ಮಾತು, ಇದನ್ನ ಇಲ್ಲಿನ ಕೋಚ್ ಯಾರೂ ಹೇಳಲ್ಲ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ದುಡ್ಡು ತಗೋಬಹುದು. ಆದರೆ ಮಗ ಎಚ್-4ನಲ್ಲಿದ್ರೆ (ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ ಸಿಗೋ ವೀಸಾ) ದುಡಿಯೋ ಹಕ್ಕಿಲ್ಲ, 21 ತುಂಬಿದ್ರೆ ಆ ವೀಸಾನೂ ಇರಲ್ಲ. ಅಲ್ಲೀತನಕ ಹೋದ್ರೆ ವಕೀಲರನ್ನ ಕೇಳದೆ ಯಾವ ಕಾಗದಕ್ಕೂ ಸಹಿ ಬೇಡ.

ಈಗ ಫೀಸು. ಕ್ಲಬ್ಬಿನವರನ್ನ ನೇರವಾಗಿ ಕೇಳಿ: ತಂಡದಲ್ಲಿ ಎಷ್ಟು ಹುಡುಗರು, ಪಂದ್ಯಕ್ಕೆ ಇವನಿಗೆ ಎಷ್ಟು ನಿಮಿಷ, ವಾರಕ್ಕೆ ಪ್ರಾಕ್ಟೀಸ್ ಎಷ್ಟು ಹೊತ್ತು. ಹದಿನಾಲ್ಕು ಹುಡುಗರನ್ನ ತುಂಬಿಕೊಂಡು ನಿಮಿಷದ ಮಾತಿಗೆ ತಡವರಿಸಿದ್ರೆ ಚೆಕ್ ಬರೀಬೇಡಿ; ಈ ವರ್ಷ ವೈಎಂಸಿಎ ಲೀಗಿಗೆ ಹಾಕಿ, ಅಲ್ಲಿ ಎಲ್ಲರನ್ನೂ ಆಡಿಸ್ತಾರೆ. ನಾಳೆಯೇ ಶಾಲೆಯಿಂದ ಫಿಸಿಕಲ್ ಫಾರ್ಮ್ (ಆರೋಗ್ಯ ತಪಾಸಣೆಯ ಕಾಗದ) ತಂದು ಡಾಕ್ಟರ್ ಹತ್ರ ಸಹಿ ಹಾಕಿಸಿ. ಅದಿಲ್ಲದೆ ಟ್ರೈಔಟ್‌ಗೆ ಒಳಗೇ ಬಿಡಲ್ಲ. ಶೂ ಆಮೇಲೆ ತಗೊಂಡ್ರಾಯ್ತು, ಈ ವಯಸ್ಸಲ್ಲಿ ಕಾಲು ಬೇಗ ಬೆಳೆಯುತ್ತೆ.