ವೀಸಾ ಬೇರೆ, ವಾಸದ ಅನುಮತಿ ಬೇರೆ

ಪ್ರಶ್ನೆ: ನನ್ನ ಮಗ ನಾಲ್ಕು ವರ್ಷಗಳಿಂದ ಅಮೆರಿಕದ ಡಲ್ಲಾಸ್‌ನಲ್ಲಿ ಎಚ್‌-1ಬಿ ಉದ್ಯೋಗ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ವೈಶಾಖದಲ್ಲಿ ತಂಗಿಯ ಮದುವೆ. ‘ಬಂದರೆ ಹಿಂತಿರುಗುವುದು ಕಷ್ಟ’ ಎನ್ನುತ್ತಿದ್ದಾನೆ. ಮರಳಿ ಹೋಗಲು ಒಂದು ಲಕ್ಷ ಡಾಲರ್ ಕಟ್ಟಬೇಕೆಂದು ನೆಂಟರು ಹೇಳುತ್ತಾರೆ. ಇದು ನಿಜವೇ, ಅಥವಾ ಅವನು ಏನನ್ನಾದರೂ ಮುಚ್ಚಿಡುತ್ತಿದ್ದಾನೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಮಗನನ್ನು ಅನುಮಾನಿಸಬೇಡಿ. ನೆಂಟರ ಮಾತು ತಪ್ಪು, ಮಗನ ಅಂಜಿಕೆ ಸರಿ. ಎರಡಕ್ಕೂ ಕಾರಣಗಳು ಬೇರೆ ಬೇರೆ. ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಅಧ್ಯಕ್ಷ ಟ್ರಂಪ್ 2025ರ ಸೆಪ್ಟೆಂಬರ್ 19ರಂದು ಸಹಿ ಹಾಕಿದರು. ಅದು ಸೆಪ್ಟೆಂಬರ್ 21ರಿಂದ 12 ತಿಂಗಳ ಅವಧಿಗೆ ಜಾರಿಗೆ ಬಂತು. ಆ ವಾರಾಂತ್ಯದಲ್ಲಿ ಕಂಪನಿಗಳು ಊರಿಗೆ ಬಂದಿದ್ದ ನೌಕರರನ್ನು ಒಂದೇ ದಿನದಲ್ಲಿ ಮರಳುವಂತೆ ಕರೆದ ಗಲಿಬಿಲಿಯೇ ಇಂದಿಗೂ ಜನರ ಮನಸ್ಸಿನಲ್ಲಿ ಉಳಿದಿದೆ. ಆದರೆ ಆ ಶುಲ್ಕ ಮುಖ್ಯವಾಗಿ ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ ಸೇರಿದ್ದು. ಅಲ್ಲಿಯೇ ಇದ್ದುಕೊಂಡು ಅವಧಿ ವಿಸ್ತರಣೆ ಪಡೆದ ನಿಮ್ಮ ಮಗನಂಥವರಿಗೆ ಅದು ತಗಲುವುದಿಲ್ಲ.

ನಿಜವಾದ ತೊಡಕಿರುವುದು ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಚೀಟಿಯಲ್ಲಿ. ಅದು ಗಡಿಯ ಬಾಗಿಲಲ್ಲಿ ತೋರಿಸಲು ಬೇಕಾದ ಪತ್ರವಷ್ಟೇ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಐ-94 ಎಂಬ ಬೇರೊಂದು ದಾಖಲೆ ಹೇಳುತ್ತದೆ. ಮೊದಲ ಮೂರು ವರ್ಷಗಳು ಮುಗಿದ ಮೇಲೆ ಅವನ ಐ-94 ಅಲ್ಲಿಯೇ ವಿಸ್ತರಣೆಯಾಗಿರುತ್ತದೆ, ಚೀಟಿಯ ಅವಧಿ ಮಾತ್ರ ಮುಗಿದಿರುತ್ತದೆ. ಅಲ್ಲಿರುವವರೆಗೆ ತೊಂದರೆಯಿಲ್ಲ, ಒಮ್ಮೆ ಹೊರಬಂದರೆ ಚೆನ್ನೈನಲ್ಲೋ ಹೈದರಾಬಾದಿನಲ್ಲೋ ಇರುವ ಅಮೆರಿಕದ ಕಾನ್ಸುಲೇಟ್‌ನಲ್ಲಿ ಹೊಸ ಸ್ಟ್ಯಾಂಪಿಂಗ್, ಅಂದರೆ ಹೊಸ ವೀಸಾ ಚೀಟಿ, ಆಗಲೇಬೇಕು. ಹಿಂದೆ ನವೀಕರಣಕ್ಕೆ ಬಂದ ಅನೇಕರು ಸಂದರ್ಶನವಿಲ್ಲದೆ ಡ್ರಾಪ್‌ಬಾಕ್ಸ್‌ನಲ್ಲಿ ಪಾಸ್‌ಪೋರ್ಟ್ ಕೊಟ್ಟು ಮದುವೆ ಮುಗಿಯುವಷ್ಟರಲ್ಲಿ ವಾಪಸ್ ಪಡೆಯುತ್ತಿದ್ದರು. 2025ರ ಸೆಪ್ಟೆಂಬರ್‌ನಿಂದ ಬಹುಪಾಲು ಜನರಿಗೆ ಸಂದರ್ಶನ ಕಡ್ಡಾಯವಾಯಿತು. ಸ್ವದೇಶ ಅಥವಾ ವಾಸವಿರುವ ದೇಶವನ್ನು ಬಿಟ್ಟು ಬೇರೆಡೆ ಅರ್ಜಿ ಹಾಕುವ ದಾರಿಯೂ ಅದೇ ತಿಂಗಳು ಬಹುತೇಕ ಮುಚ್ಚಿತು. ಡಿಸೆಂಬರ್ 15ರಿಂದ ಎಚ್‌-1ಬಿ ಮತ್ತು ಎಚ್‌-4 (ಎಚ್‌-1ಬಿ ನೌಕರರ ಸಂಗಾತಿ, ಮಕ್ಕಳಿಗೆ ಸಿಗುವ ವೀಸಾ) ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆ ಆರಂಭವಾದಾಗ, ಭಾರತದಲ್ಲಿ ಗೊತ್ತಾಗಿದ್ದ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿ, ರಜೆಗೆಂದು ಬಂದವರು ಇಲ್ಲಿಯೇ ಉಳಿಯಬೇಕಾಯಿತು. ಟಿಕೆಟ್ ಕೊಳ್ಳುವ ಮೊದಲು ಸಂದರ್ಶನದ ದಿನ ಸಿಗುತ್ತದೆಯೇ, ತಡವಾದರೆ ಕಂಪನಿ ಎಷ್ಟು ದಿನ ಕಾಯುತ್ತದೆ ಎಂಬುದನ್ನು ಅವನು ಬರಹದಲ್ಲಿ ತಿಳಿದುಕೊಳ್ಳಲಿ. ಅದು ಸಿಗದಿದ್ದರೆ ಮದುವೆಗೆ ಬರಲೇಬೇಕೆಂದು ನೀವು ಹಟ ಹಿಡಿಯುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಅಣ್ಣನಿಲ್ಲದ ಧಾರೆಯ ಸಂಕಟ ನನಗೂ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಕೂಟದ ಸದಸ್ಯರೊಬ್ಬರು ಕೆಲಸ ಕಳೆದುಕೊಂಡಿದ್ದಾರೆ. ಯುಗಾದಿ, ರಾಜ್ಯೋತ್ಸವಗಳನ್ನು ನಡೆಸುವ ನಾವು ಇಂಥ ಹೊತ್ತಿನಲ್ಲಿ ಏನು ಮಾಡಬಹುದು?
– ಕೂಟದ ಕಾರ್ಯಕರ್ತೆ, ಅಮೆರಿಕ

ಉತ್ತರ: ಮೊದಲು ದಿನ ಎಣಿಸಲು ನೆರವಾಗಿ. ಎಚ್‌-1ಬಿಯಲ್ಲಿರುವವರಿಗೆ ಕೆಲಸದ ಕೊನೆಯ ದಿನದಿಂದ ಅಲ್ಲಿ ಉಳಿಯಲು ಗರಿಷ್ಠ 60 ದಿನಗಳ ಅವಕಾಶವಿದೆ. ಐ-94 ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅಲ್ಲಿಯವರೆಗೆ ಮಾತ್ರ. ಕೆಲಸದಿಂದ ತೆಗೆದಾಗ ಕಂಪನಿ ಕೊಡುವ ಪರಿಹಾರದ ಹಣ ಆಮೇಲೂ ಬರುತ್ತಿದ್ದರೆ ದಿನಗಳು ಹೆಚ್ಚುವುದಿಲ್ಲ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ಅವರೇ ಎಚ್‌-4ನಂಥ ಬೇರೆ ಸ್ಥಾನಮಾನಕ್ಕೆ ಅರ್ಜಿ ಹಾಕಬೇಕು, ಅದೂ ಆಗದಿದ್ದರೆ ಹೊರಡಬೇಕು. ಅವಧಿಗೆ ಮೊದಲೇ ಕೆಲಸದಿಂದ ತೆಗೆದ ಕಂಪನಿ ನೌಕರರು ಸ್ವದೇಶಕ್ಕೆ ಮರಳುವ ಪ್ರಯಾಣದ ನ್ಯಾಯವಾದ ವೆಚ್ಚವನ್ನು ಭರಿಸಬೇಕೆಂಬ ನಿಯಮ ಅನೇಕರ ಗಮನಕ್ಕೇ ಬಂದಿರುವುದಿಲ್ಲ.

ನಮ್ಮವರು ಕೆಲಸ ಹೋದುದನ್ನು ನಾಚಿಕೆಯಿಂದ ಮೂರು ವಾರ ಯಾರಿಗೂ ಹೇಳುವುದಿಲ್ಲ. ಆ ಮೂರು ವಾರಗಳು ಅರವತ್ತರಲ್ಲಿಯೇ ಕಳೆಯುತ್ತವೆ. ಸುದ್ದಿ ಹರಡದೆ ಮಾತಾಡಬಹುದಾದ ಇಬ್ಬರನ್ನು ಕೂಟ ಗೊತ್ತುಮಾಡಿದರೆ ಅದೇ ದೊಡ್ಡ ಉಪಕಾರ. ಬಾಡಿಗೆ ಕರಾರು, ಮಕ್ಕಳ ಶಾಲೆ, ಸಾಮಾನು ಇಡಲು ಒಂದು ಗ್ಯಾರೇಜು, ಇವೆಲ್ಲ ನೀವು ಮಾಡಬಹುದಾದ ಕೆಲಸಗಳು. ಕಾನೂನು ಸಲಹೆಯನ್ನು ಮಾತ್ರ ಕೊಡಬೇಡಿ. ಅದು ವಕೀಲರ ಅಥವಾ ಅಮೆರಿಕದ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳ ಕೆಲಸ, ವಾಟ್ಸ್‌ಆ್ಯಪ್ ಗುಂಪಿನದ್ದಲ್ಲ. ಇನ್ನೊಂದು ಸಂಗತಿಯನ್ನು ಎಲ್ಲ ಸದಸ್ಯರಿಗೂ ತಿಳಿಸಿ: ಎಚ್‌-4 ಸಂಗಾತಿಗಳ ಉದ್ಯೋಗ ಅನುಮತಿ ಪತ್ರದ ನವೀಕರಣ ಬಾಕಿಯಿರುವಾಗ ಸಿಗುತ್ತಿದ್ದ 540 ದಿನಗಳ ತನ್ನಷ್ಟಕ್ಕೆ ತಾನೇ ಆಗುವ ವಿಸ್ತರಣೆ, 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಇಲ್ಲ. ಅವಧಿ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಬಹುದು; ಮನೆಯ ಎರಡನೆಯ ಸಂಬಳ ಉಳಿಯುವುದು ಈ ಎಚ್ಚರದ ಮೇಲೆ.

ಪ್ರಶ್ನೆ: ಎಂಟು ಲಕ್ಷ ರೂಪಾಯಿ ಕೊಟ್ಟರೆ ಎಚ್‌-1ಬಿ ಮಾಡಿಸಿಕೊಡುವುದಾಗಿ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?
– ಎಂಜಿನಿಯರಿಂಗ್ ಪದವೀಧರ, ದಾವಣಗೆರೆ

ಉತ್ತರ: ನಂಬಬೇಡಿ. ಎಚ್‌-1ಬಿಗೆ ಅರ್ಜಿ ಹಾಕುವುದು ಅಲ್ಲಿನ ಉದ್ಯೋಗದಾತ. ಅರ್ಜಿಯ ಖರ್ಚನ್ನು ನೌಕರನ ಮೇಲೆ ಹೊರಿಸುವುದಕ್ಕೂ ಅಲ್ಲಿನ ಕಾನೂನಿನ ತಡೆಯಿದೆ. ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯಿದ್ದು, ಬೇಡಿಕೆ ಅದನ್ನು ಮೀರುವುದರಿಂದ ಲಾಟರಿ ನಡೆಯುತ್ತದೆ. ಅದರ ಫಲಿತಾಂಶಕ್ಕೆ ಯಾವ ಏಜೆಂಟರೂ ಖಾತರಿ ಕೊಡಲಾರರು. 2026ರಲ್ಲಿ ಜಾರಿಗೆ ಬಂದ ನಿಯಮದಂತೆ ಹೆಚ್ಚು ಸಂಬಳದ ಹುದ್ದೆಗಳಿಗೆ ಆಯ್ಕೆಯ ಅವಕಾಶವೂ ಹೆಚ್ಚು, ಆದ್ದರಿಂದ ಹೊಸ ಪದವೀಧರರ ಪಾಲು ಕುಗ್ಗಿದೆ. ಆ ಏಜೆಂಟರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರೇ ಎಂದು ನೋಡಿ; ಮುಂಗಡ ಕೊಟ್ಟಿದ್ದರೆ ರಸೀದಿ ಮತ್ತು ಸಂದೇಶಗಳೊಂದಿಗೆ ಪೊಲೀಸ್ ಠಾಣೆಗೆ ದೂರು ಕೊಡಿ.