ತೆಂಗಿನ ಗರಿಯ ಸುರುಳಿಯೊಳಗೆ ಬಿಳಿ ಹತ್ತಿಯಂಥ ಹುಳು ಸಿಕ್ಕಿತು. ಇದು ಯಾವುದು? ಔಷಧಿ ಹೊಡೆಯಬೇಕೇ?

ನಿಮ್ಮ ವಿವರಣೆ ನೋಡಿದರೆ ಅದು ‘ಜಯಂಟ್ ರೆಡ್‌ಐ’ ಚಿಟ್ಟೆಯ ಮರಿಹುಳುವೇ ಇರಬೇಕು. ವೈಜ್ಞಾನಿಕ ಹೆಸರು ಗಂಗಾರಾ ಥೈರ್ಸಿಸ್. ಡೆನ್ಮಾರ್ಕಿನ ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್ 1775ರಲ್ಲೇ ಇದನ್ನು ವರ್ಣಿಸಿದ್ದಾನೆ. ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೆ ಹರಡಿದೆ.

ಹುಳುವಿನ ಮೈಮೇಲಿನ ಬಿಳುಪು ಬೂಷ್ಟಲ್ಲ, ಹುಳುವೇ ಸ್ರವಿಸುವ ಮೇಣದ ಎಳೆಗಳು. ಮುಟ್ಟಿದರೆ ಉದುರುತ್ತವೆ, ಒಳಗಿನ ಮೈ ಕೆಂಪಗೆ ಕಾಣುತ್ತದೆ. ತೆಂಗು ಮಾತ್ರವಲ್ಲ, ತಾಳೆಯ ಜಾತಿಯ ಇತರ ಗಿಡಗಳ ಎಲೆಯನ್ನೂ ರೇಷ್ಮೆಯಿಂದ ಹೊಲಿದು ಕೊಳವೆ ಮಾಡಿಕೊಂಡು ತಿನ್ನುತ್ತದೆ. ಚಿಟ್ಟೆಯಾಗುವ ಮುಂಚಿನ ಕೋಶವೂ (ಪ್ಯೂಪಾ) ಆ ಕೊಳವೆಯಲ್ಲೇ. ಅದನ್ನು ಕೆಣಕಿ ನೋಡಿ: ಕೊಸರಾಡುತ್ತ ಗಿಲಕಿಯಂತೆ ಸದ್ದು ಮಾಡುತ್ತದೆ!

ಚಿಟ್ಟೆ ಚಾಕೊಲೇಟ್ ಕಂದು. ಮುಂರೆಕ್ಕೆಯಲ್ಲಿ ಹಳದಿ ಛಾಯೆಯ ಅರೆಪಾರದರ್ಶಕ ಮಚ್ಚೆಗಳು, ಕೆಂಪು ಕಣ್ಣು. ರೆಕ್ಕೆ ಬಿಚ್ಚಿದರೆ ಸುಮಾರು 7 ಸೆಂಟಿಮೀಟರ್, ಇದು ಸೇರಿರುವ ‘ಸ್ಕಿಪ್ಪರ್’ ಎಂಬ ಚಿಟ್ಟೆಗಳ ಗುಂಪಿನಲ್ಲಿ ದೈತ್ಯನೇ ಸರಿ. ಮುಸ್ಸಂಜೆಯಲ್ಲಿ ಹಾರುವುದರಿಂದ ಹೆಚ್ಚಿನವರು ಪತಂಗವೆಂದೇ ತಿಳಿಯುತ್ತಾರೆ.

ಔಷಧಿ ಸಾಮಾನ್ಯವಾಗಿ ಬೇಕಿಲ್ಲ. ಬೆಳೆದ ಮರಕ್ಕೆ ನಾಲ್ಕಾರು ಸುರುಳಿಗಳು ಲೆಕ್ಕಕ್ಕಿಲ್ಲ. ಎಳೆಯ ಸಸಿಯಾದರೆ ಸುರುಳಿಗಳನ್ನು ಕೈಯಿಂದಲೇ ಕಿತ್ತು ತೆಗೆಯಿರಿ.