ಮಧ್ಯಾಹ್ನ ಕೆಂಡದಂಥ ಬಿಸಿಲು, ಸಂಜೆಗೆ ಗುಡುಗು: ಬೇಸಿಗೆ ಮಳೆಯ ಬಗ್ಗೆ ನಿಮ್ಮ ಐದು ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ರಾಯಚೂರು, ಕೊಪ್ಪಳ, ಕಲಬುರಗಿ, ಚಿತ್ರದುರ್ಗದ ಕಡೆಯ ಓದುಗರು ಹವಾಮಾನದ ಬಗ್ಗೆ ಕೇಳುವುದು ಜಾಸ್ತಿ. ಈ ಸಲ ಐದು ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ. ಬೇರೆಯದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಸಿಡಿಲಿನ ಪ್ರಶ್ನೆಯನ್ನು ಮಾತ್ರ ಓದಿ, ಮನೆಯವರಿಗೂ ಓದಿ ಹೇಳಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಬೆಳಿಗ್ಗೆ ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ನಾಲ್ಕು ಗಂಟೆಗೆ ನೋಡನೋಡುತ್ತಲೇ ಕತ್ತಲು, ಗಾಳಿ, ಗುಡುಗು. ಸಮುದ್ರದಿಂದ ಇಷ್ಟು ದೂರ ಇರುವ ನಮಗೆ ಆ ನೀರು ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ? (ಲಿಂಗಸುಗೂರು)

ಉತ್ತರ: ಮೇಡಂ, ನೀರು ಸಮುದ್ರದಿಂದಲೇ ಬರುತ್ತದೆ. ಮೋಡವಾಗಿ ಅಲ್ಲ, ಕಣ್ಣಿಗೆ ಕಾಣದ ಆವಿಯಾಗಿ. ಮಾರ್ಚ್‌ನಿಂದ ಮೇವರೆಗೆ ಮರಾಠವಾಡ, ವಿದರ್ಭದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಎರಡು ಗಾಳಿಗಳು ಸೇರುವ ಒಂದು ಗೆರೆ ಆಗಾಗ ಏರ್ಪಡುತ್ತದೆ. ಗೆರೆಯ ಪೂರ್ವಕ್ಕೆ ಬಂಗಾಳ ಕೊಲ್ಲಿಯ ತೇವದ ಗಾಳಿ. ಪಶ್ಚಿಮಕ್ಕೆ ವಾಯವ್ಯದಿಂದ ಬರುವ ಗಾಳಿ, ಬಹುಪಾಲು ಒಣ. ಗೆರೆ ಇವತ್ತು ನಿಮ್ಮ ತಲೆಯ ಮೇಲಿದ್ದರೆ ನಾಳೆ ನೂರು ಕಿಲೋಮೀಟರ್ ಆಚೆ ಸರಿದಿರಬಹುದು. ಅದಕ್ಕೇ ಒಂದು ವಾರ ಬರೀ ಝಳ, ಮುಂದಿನ ವಾರ ದಿನಾ ಸಂಜೆ ಮಳೆ.

ತೇವ ಬಂದರೆ ಸಾಲದು, ಅದನ್ನು ಮೇಲೆತ್ತಬೇಕು. ಆ ಕೆಲಸ ಮಾಡುವುದು ನಮ್ಮ ನೆಲ. ಬೆಳೆ ಕೊಯ್ದು ಬೋಳಾದ ಎರೆ ಹೊಲ ಮಧ್ಯಾಹ್ನ ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ಕಾದು ಮೇಲೇಳುತ್ತದೆ. ಮೇಲೇರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಸಾಕಷ್ಟು ತಣ್ಣಗಾದ ಎತ್ತರದಲ್ಲಿ ಆವಿ ಹನಿಯಾಗಿ ಮೋಡ ಹುಟ್ಟುತ್ತದೆ. ಆವಿ ಹನಿಯಾಗುವಾಗ ಒಳಗಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖ ಮೋಡವನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಒಮ್ಮೆ ಇದು ಹಿಡಿದುಕೊಂಡರೆ ಹೂಕೋಸಿನಂತೆ ಕಾಣುತ್ತಿದ್ದ ಮೋಡ ಒಂದು ಗಂಟೆಯೊಳಗೆ 12ರಿಂದ 15 ಕಿಲೋಮೀಟರ್ ಎತ್ತರಕ್ಕೆ ಬೆಳೆದುಬಿಡಬಹುದು. ವಿಮಾನಗಳು ಹಾರುವುದು 10–11 ಕಿಲೋಮೀಟರ್ ಎತ್ತರದಲ್ಲಿ ಎಂದು ಹೇಳಿ, ಮಕ್ಕಳು ಕಣ್ಣರಳಿಸುತ್ತಾರೆ.

ಹಾಗಾದರೆ ಹನ್ನೆರಡು ಗಂಟೆಗೇ ಯಾಕೆ ಬರುವುದಿಲ್ಲ? ಎರಡು–ಮೂರು ಕಿಲೋಮೀಟರ್ ಎತ್ತರದಲ್ಲಿ ಬಿಸಿಯಾದ ಒಣ ಗಾಳಿಯ ಪದರವೊಂದು ಅನ್ನದ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಕೂತಿರುತ್ತದೆ. ಕೆಳಗಿನ ಗಾಳಿಗೆ ಅದನ್ನು ದಾಟುವಷ್ಟು ಬಿಸಿ ಬೇಕು. ಸೂರ್ಯ ನೆತ್ತಿಯಿಂದ ಇಳಿದ ಮೇಲೂ ನೆಲದ ಕಾವು ಗಾಳಿಗೆ ಸೇರುತ್ತಲೇ ಇರುತ್ತದೆ. ಹಾಗಾಗಿ ದಿನದ ಗರಿಷ್ಠ ಉಷ್ಣಾಂಶ ಬರುವುದು ಎರಡೂವರೆ, ಮೂರರ ಸುಮಾರಿಗೆ. ತಟ್ಟೆ ಹಾರುವುದೂ ಆಗಲೇ. ಕೆಲವು ದಿನ ಅದು ಹಾರುವುದೇ ಇಲ್ಲ. ಮೈಯೆಲ್ಲ ಬೆವರು, ಮೋಡ ಕಟ್ಟುತ್ತದೆ, ಕರಗುತ್ತದೆ. "ಇವತ್ತು ಕುದಿ ಭಾಳ ಅದ, ಮಳಿ ಬರ್ತದ" ಎಂದು ನಿಮ್ಮ ಕಡೆ ಹಿರಿಯರು ಹೇಳುತ್ತಾರಲ್ಲ, ಅದು ಸರಿಯಾದ ಲೆಕ್ಕ. ಬೆವರು ಆರುತ್ತಿಲ್ಲ ಎಂದರೆ ಗಾಳಿಯಲ್ಲಿ ತೇವ ಸೇರಿದೆ ಎಂದೇ ಅರ್ಥ.

ಪ್ರಶ್ನೆ: ಕೊಯ್ದ ಭತ್ತ ಒಣಗಲು ಹಾಕಿದ್ದೆ. ಮಳೆ ಬರುತ್ತದೆ ಎಂದು ನಾಲ್ಕು ದಿನ ಹೇಳಿದರು. ನಾಲ್ಕು ದಿನವೂ ತಾಡಪಾಲು ಹೊದಿಸಿ ಕಾದೆ, ಒಂದು ಹನಿ ಬೀಳಲಿಲ್ಲ. ಮೂರು ಕಿಲೋಮೀಟರ್ ಆಚೆಯ ಊರಲ್ಲಿ ಹಳ್ಳ ಹರಿಯಿತು. ಐದನೇ ದಿನ ಹೊದಿಸಲಿಲ್ಲ, ಎಲ್ಲ ನೆನೆಯಿತು. ಮುನ್ಸೂಚನೆ ನಂಬಬೇಕೋ ಬೇಡವೋ? (ಸಿಂಧನೂರು ತಾಲ್ಲೂಕು)

ಉತ್ತರ: ಯಜಮಾನರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆರು ತಿಂಗಳ ದುಡಿಮೆ ಕಣದಲ್ಲಿ ನೆನೆಯುವುದನ್ನು ನೋಡುವುದು ಸುಲಭವಲ್ಲ. ಆದರೆ ಮುನ್ಸೂಚನೆ ನಿಮಗೆ ಸುಳ್ಳು ಹೇಳಿರಲಿಕ್ಕಿಲ್ಲ. ಅದರ ಮಾತು ನಮಗೆ ತಲುಪುವ ಹೊತ್ತಿಗೆ ಅರ್ಥ ಬದಲಾಗಿರುತ್ತದೆ.

ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ "ಒಂದೆರಡು ಕಡೆ", "ಕೆಲವು ಕಡೆ", "ಹಲವು ಕಡೆ", "ಬಹುತೇಕ ಕಡೆ" ಎಂಬ ಪದಗಳಿರುತ್ತವೆ. ಸುಮ್ನೆ ಬಳಸಿದ ಪದಗಳಲ್ಲ ಇವು. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆಯಾದರೆ ಒಂದೆರಡು ಕಡೆ. ಶೇ 50ರವರೆಗೆ ಕೆಲವು ಕಡೆ. ಶೇ 75ರವರೆಗೆ ಹಲವು ಕಡೆ. ಅದಕ್ಕೂ ಮೀರಿದರೆ ಬಹುತೇಕ ಕಡೆ. ಬೇಸಿಗೆಯಲ್ಲಿ ನಮ್ಮ ಕಡೆಗೆ ಸಾಮಾನ್ಯವಾಗಿ ಸಿಗುವುದು ಮೊದಲನೆಯದು. ಅಂದರೆ ನಾಲ್ಕು ಕೇಂದ್ರಗಳಲ್ಲಿ ಮೂರು ಒಣಗಿಯೇ ಇದ್ದರೂ ಮುನ್ಸೂಚನೆ ಸರಿ. ಟಿವಿಯಲ್ಲಿ ಮಾತ್ರ "ಜಿಲ್ಲೆಯಲ್ಲಿ ಗುಡುಗು ಸಹಿತ ಮಳೆ" ಎಂದಷ್ಟೇ ಬರುತ್ತದೆ.

ಬೇಸಿಗೆಯ ಗುಡುಗುಮೋಡ ಒಂದೊಂದೂ ಐದು–ಹತ್ತು ಕಿಲೋಮೀಟರ್ ಅಗಲ, ಆಯುಷ್ಯ ಅರ್ಧದಿಂದ ಒಂದು ಗಂಟೆ. ನಿಮ್ಮ ಪಕ್ಕದ ಊರಲ್ಲಿ ಹಳ್ಳ ಹರಿದದ್ದು, ನಿಮಗೆ ಬರದಿದ್ದದ್ದು ಎರಡೂ ಅದರ ಸಹಜ ಗುಣ. ಇನ್ನೊಂದು ವಿಷಯವಿದೆ. ಒಂದು ಕಡೆ ಸುರಿದ ಮಳೆಯ ತಂಪು ಗಾಳಿ ನೆಲದ ಮೇಲೆ ಸುತ್ತಲೂ ಹರಡುತ್ತದೆ. ಅದರ ಅಂಚು ಕೆಲವು ಕಡೆ ಬಿಸಿಗಾಳಿಯನ್ನು ಮೇಲೆತ್ತಿ ಹೊಸ ಮೋಡ ಹುಟ್ಟಿಸುತ್ತದೆ. ಆದರೆ ಆ ತಂಪು ಗಾಳಿ ಹಾಸಿಕೊಂಡ ಜಾಗದಲ್ಲಿ ನೆಲದ ಕಾವೇ ಇಳಿದುಹೋಗುತ್ತದೆ. ಅಲ್ಲಿ ಆ ಸಂಜೆ ಮಳೆಯಾಗುವ ಸಾಧ್ಯತೆ ಕಡಿಮೆ. ಪಕ್ಕದೂರಿನ ಮಳೆಯ ವಾಸನೆಯಷ್ಟೇ ನಿಮ್ಮ ಪಾಲಿಗೆ ಬರುವುದು ಇದಕ್ಕೇ.

ಹಾಗಾಗಿ ಬೆಳಗಿನ ಮುನ್ಸೂಚನೆಯನ್ನು "ಇವತ್ತು ಎಚ್ಚರದಿಂದಿರು" ಎಂದಷ್ಟೇ ಓದಿಕೊಳ್ಳಿ. ತಾಡಪಾಲು ಕಣದಲ್ಲೇ ಇರಲಿ, ಹೊದಿಸುವುದು ಬೇಡ. ಭತ್ತ ಬಿಸಿಲು ಕುಡಿಯಲಿ. ಮಧ್ಯಾಹ್ನ ಎರಡರ ನಂತರ ಇಲಾಖೆ ಮುಂದಿನ ಮೂರು ಗಂಟೆಗೆ ಕೊಡುವ ತುರ್ತು ಮುನ್ಸೂಚನೆ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಯೂ ಇದೆ, ಫೋನ್ ಮಾಡಿ ನಿಮ್ಮ ಊರಿನ ಹೆಸರು ಹೇಳಿ ಕೇಳಿ. ಜೊತೆಗೆ ಆಕಾಶ ನೋಡಿ. ಹೂಕೋಸಿನಂಥ ಮೋಡದ ತಲೆ ಚಪ್ಪಟೆಯಾಗಿ ಪಕ್ಕಕ್ಕೆ ಹರಡತೊಡಗಿದರೆ ಅದು ಪೂರ್ತಿ ಬೆಳೆದಿದೆ ಎಂದರ್ಥ. ಆಗ ರಾಶಿ ಮಾಡಿ ಹೊದಿಸಿಬಿಡಿ.

ಪ್ರಶ್ನೆ: ಮೋಡ ಕವಿಯುತ್ತದೆ, ಧೂಳು ಎದ್ದು ತಗಡು ಹಾರುವಂಥ ಗಾಳಿ ಬೀಸುತ್ತದೆ, ನಾಲ್ಕು ಹನಿ ಬಿದ್ದು ಮುಗಿಯುತ್ತದೆ. ಇಷ್ಟು ಗಾಳಿಗೆ ಮಳೆ ಎಲ್ಲಿ? (ಕುಷ್ಟಗಿ)

ಉತ್ತರ: ಮಳೆ ಬಿದ್ದಿದೆ. ನಿಮ್ಮನ್ನು ಮುಟ್ಟುವ ಮೊದಲೇ ಗಾಳಿ ಕುಡಿದಿದೆ. ಕರಾವಳಿಯಲ್ಲಿ ಮೋಡದ ತಳ ಸುಮಾರು ಒಂದು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನಮ್ಮಲ್ಲಿ 40 ಡಿಗ್ರಿ ಬಿಸಿಲು, ಶೇ 20–30 ತೇವಾಂಶ ಇರುವ ದಿನ ಅದೇ ತಳ ಎರಡೂವರೆ, ಮೂರೂವರೆ ಕಿಲೋಮೀಟರ್ ಮೇಲಿರುತ್ತದೆ. ಅಷ್ಟು ದೂರ ಒಣ ಗಾಳಿಯಲ್ಲಿ ಇಳಿಯುವಾಗ ಸಣ್ಣ ಹನಿಗಳು ಆರಿಹೋಗುತ್ತವೆ. ದೂರದಿಂದ ನೋಡಿದರೆ ಮೋಡದ ಕೆಳಗೆ ಬೂದು ಬಣ್ಣದ ಜಾಲರಿ ನೇತಾಡಿ ಅರ್ಧಕ್ಕೇ ಮಾಯವಾಗುವುದು ಕಾಣುತ್ತದೆ.

ಹನಿ ಆರುವಾಗ ಸುತ್ತಲ ಗಾಳಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೇ ಅಲ್ವಾ? ತಂಪಾದ ಗಾಳಿ ಭಾರವಾಗಿ ದೊಪ್ಪನೆ ಕೆಳಗೆ ಬೀಳುತ್ತದೆ, ನೆಲಕ್ಕೆ ಅಪ್ಪಳಿಸಿ ಅಡ್ಡಕ್ಕೆ ನುಗ್ಗುತ್ತದೆ. ಅದೇ ನಿಮ್ಮ ಧೂಳುಗಾಳಿ. ಆದ್ದರಿಂದ ಮಳೆ ಕಡಿಮೆ ಬೀಳುವ ಮೋಡವೇ ಕೆಲವೊಮ್ಮೆ ಗಾಳಿ ಜಾಸ್ತಿ ತರುತ್ತದೆ. ತಗಡಿನ ಮೇಲೆ ಬರೀ ಕಲ್ಲು ಹೇರಿಟ್ಟಿದ್ದರೆ ದಯವಿಟ್ಟು ಬೋಲ್ಟು ಹಾಕಿಸಿ. ತಗಡಿನ ಜೊತೆ ಆ ಕಲ್ಲೂ ಹಾರಿ ಬೀಳುತ್ತದೆ.

ಪ್ರಶ್ನೆ: ನಮ್ಮದು ಕುರಿ ಕಾಯುವ ಮನೆತನ. ಬಯಲಲ್ಲಿ ಗುಡುಗು ಶುರುವಾದರೆ ಇರುವುದೊಂದೇ ಬೇವಿನ ಮರ. ಕುರಿಗಳೂ ಅಲ್ಲೇ ಸೇರುತ್ತವೆ, ನಾವೂ. ಹೋದ ವರ್ಷ ಪಕ್ಕದ ಹಟ್ಟಿಯವರ ಕುರಿಗಳು ಹಾಗೇ ಸತ್ತವು. ಏನು ಮಾಡಬೇಕು? ಮೊಬೈಲ್ ಸಿಡಿಲನ್ನು ಎಳೆಯುತ್ತದಂತೆ, ನಿಜವೇ? (ಚಳ್ಳಕೆರೆ ಕಡೆಯಿಂದ)

ಉತ್ತರ: ಮೊದಲ ಮಾತು, ಆ ಬೇವಿನ ಮರದ ಕೆಳಗೆ ಇನ್ನು ಹೋಗಬೇಡಿ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರಲ್ಲಿ ಬಹಳ ಮಂದಿ ಹೊಲದಲ್ಲಿ ಕೆಲಸ ಮಾಡುವವರು, ದನ ಕುರಿ ಕಾಯುವವರು. ಮಳೆಗೆ ಮರದ ಕೆಳಗೆ ನಿಂತವರ ಸಾವಿನ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮೈ ನೆನೆದರೆ ಒಣಗುತ್ತದೆ, ನೆನೆಯಲಿ ಬಿಡಿ.

ಬಯಲಲ್ಲಿ ಎತ್ತರ ಇರುವುದು ಆ ಮರ ಒಂದೇ, ಸಿಡಿಲು ಅದನ್ನೇ ಹುಡುಕುತ್ತದೆ. ಬಿದ್ದದ್ದು ಮರಕ್ಕೇ ಆದರೂ ಪಕ್ಕದಲ್ಲಿ ನಿಂತವರ ಮೇಲೆ ಹಾರುತ್ತದೆ. ಬೇರಿನ ಸುತ್ತ ನೆಲದಲ್ಲೂ ವಿದ್ಯುತ್ ಹರಡುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಇರುವುದರಿಂದ ಅದು ಒಂದು ಕಾಲಿಂದ ಹತ್ತಿ, ಎದೆಯ ಮೂಲಕ ಹಾದು, ಇನ್ನೊಂದರಿಂದ ಇಳಿಯುತ್ತದೆ. ಒಂದೇ ಸಿಡಿಲಿಗೆ ಹಿಂಡುಗಟ್ಟಲೆ ಕುರಿ ಸಾಯುವುದು ಹೀಗೆ.

ಮಿಂಚು ಕಂಡಕೂಡಲೇ ಎಣಿಸಲು ಶುರು ಮಾಡಿ. ಗುಡುಗು ಕೇಳುವಷ್ಟರಲ್ಲಿ ಎಷ್ಟು ಸೆಕೆಂಡ್ ಆಯಿತೋ ಅದನ್ನು ಮೂರರಿಂದ ಭಾಗಿಸಿದರೆ ಸಿಡಿಲು ಬಿದ್ದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30ರೊಳಗೆ ಗುಡುಗು ಕೇಳಿತೆಂದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಆಗಲೇ ಹೊರಡಬೇಕು, ಮಳೆ ಬರಲಿ ಎಂದು ಕಾಯಬಾರದು. ನೆತ್ತಿಯ ಮೇಲೆ ಬಿಸಿಲಿದ್ದಾಗಲೂ ದೂರದ ಮೋಡದ ಸಿಡಿಲು ನಿಮ್ಮಲ್ಲಿಗೆ ಬರಬಲ್ಲದು. ಗೋಡೆ, ಆರ್‌ಸಿಸಿ ಇರುವ ಗಟ್ಟಿ ಮನೆ, ಶಾಲೆ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸು ಒಳ್ಳೆಯದು. ವಾಹನದಲ್ಲಿ ಕಾಪಾಡುವುದು ಲೋಹದ ಮೈ, ಟಯರಿನ ರಬ್ಬರ್ ಅಲ್ಲ. ಆದ್ದರಿಂದ ಟ್ರ್ಯಾಕ್ಟರ್, ಬೈಕ್ ಲೆಕ್ಕಕ್ಕಿಲ್ಲ. ನಾಲ್ಕು ಕಂಬದ ಜೋಪಡಿಯೂ ಸಾಲದು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಒಳಗೇ ಇರಿ.

ಹತ್ತಿರ ಏನೂ ಇಲ್ಲದಿದ್ದರೆ ದಿಬ್ಬದಿಂದ ಇಳಿದು ತಗ್ಗಿಗೆ ಬನ್ನಿ. ತಂತಿ ಬೇಲಿ, ಕರೆಂಟ್ ಕಂಬ, ನೀರಿನಿಂದ ದೂರ ಸರಿಯಿರಿ. ಎಲ್ಲರೂ ಗುಂಪಾಗಿ ನಿಲ್ಲಬೇಡಿ, ಇಪ್ಪತ್ತು ಹೆಜ್ಜೆ ಅಂತರವಿರಲಿ. ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ, ಕಿವಿ ಮುಚ್ಚಿಕೊಳ್ಳಿ. ಮಲಗಬೇಡಿ. ಇದು ಪೂರ್ತಿ ರಕ್ಷಣೆ ಅಲ್ಲ, ಅಪಾಯವನ್ನು ಸ್ವಲ್ಪ ಕಡಿಮೆ ಮಾಡುತ್ತದೆ ಅಷ್ಟೇ. ಕುರಿಗಳನ್ನೂ ಮರದತ್ತ ಬಿಡದೆ ತಗ್ಗಿನ ಬಯಲಲ್ಲಿ ಚದುರಿಸಿ. ಅವುಗಳನ್ನು ಒಟ್ಟು ಮಾಡಲೆಂದು ನೀವು ಓಡಾಡುತ್ತಾ ಉಳಿಯಬೇಡಿ.

ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದು ಮಾತಾಡುವುದು ಮಾತ್ರ ಅಪಾಯ. ನಿಜ ಹೇಳಬೇಕೆಂದರೆ ಬಯಲಲ್ಲಿ ಮೊಬೈಲ್ ನಿಮ್ಮ ಗೆಳೆಯ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹಾಕಿಕೊಂಡರೆ ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಆ ಕ್ಷಣವೇ ಎದೆಯ ನಡುವೆ ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸತ್ತೇಹೋದರು ಎಂದುಕೊಂಡವರು ಹೀಗೆ ಬದುಕಿದ್ದಿದೆ. ಸೆಗಣಿಯಲ್ಲಿ ಹೂಳುವುದು, ತಿಪ್ಪೆಯಲ್ಲಿ ಮಲಗಿಸುವುದು ಬೇಡವೇ ಬೇಡ, ಬದುಕಿಸಬಹುದಾದ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ.

ಪ್ರಶ್ನೆ: ಈ ಸಲ ಭರಣಿ ಮಳೆ ಚೆನ್ನಾಗಿ ಆಯಿತು. ಮುಂಗಾರೂ ಚೆನ್ನಾಗಿರುತ್ತದೆ ಎಂದು ನಂಬಿ ಬೇಗ ಹೆಸರು ಬಿತ್ತಬಹುದೇ? (ಆಳಂದ)

ಉತ್ತರ: "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ನನಗೂ ಇಷ್ಟ. ಆದರೆ ಏಪ್ರಿಲ್ ಕೊನೆಯ ಆ ಮಳೆ ಹುಟ್ಟುವುದು ಇಲ್ಲಿನ ನೆಲದ ಕಾವಿನಿಂದ. ಮುಂಗಾರು ಸಮುದ್ರ ದಾಟಿ ಬರುವ ದೊಡ್ಡ ಗಾಳಿ, ಅದರ ಲೆಕ್ಕವೇ ಬೇರೆ. ಒಂದು ಚೆನ್ನಾದರೆ ಇನ್ನೊಂದೂ ಚೆನ್ನಾಗಿರಬೇಕೆಂದಿಲ್ಲ. ಅದನ್ನೇ ನಂಬಿ ಬೀಜ ಹಾಕಬೇಡಿ.

ಗಾದೆ ಹೇಳುವುದು ಭವಿಷ್ಯವನ್ನಲ್ಲ, ಹದವನ್ನು ಎಂದು ನನಗನಿಸುತ್ತದೆ. 25 ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಒಂದು ಲಕ್ಷ ಲೀಟರ್ ನೀರು. ಅದನ್ನು ಹಾಗೇ ಬಿಟ್ಟರೆ ನಾಲ್ಕು ದಿನದ ಬಿಸಿಲಿಗೆ ಹಾರಿಹೋಗುತ್ತದೆ. ಹದ ಇರುವಾಗಲೇ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ. ಕಳೆ ಸಾಯುತ್ತದೆ, ಮಣ್ಣಲ್ಲಿ ಅಡಗಿದ ಹುಳುಗಳ ಕೋಶ ಬಿಸಿಲಿಗೆ ಬೀಳುತ್ತದೆ, ಮುಂದಿನ ಮಳೆ ಹರಿದುಹೋಗದೆ ಒಳಗಿಳಿಯುತ್ತದೆ. ಹೆಸರಿಗೆ ಜೂನ್‌ವರೆಗೆ ಕಾಯಿರಿ. ಆಗಲೂ ಬಿತ್ತುವ ಮುಂಚೆ ಒಂದು ಗೇಣು ಅಗೆದು ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟಿದರೆ ಬಿತ್ತಿ. ಪುಡಿಯಾಗಿ ಉದುರಿದರೆ ಇನ್ನೊಂದು ಮಳೆ ಬರಲಿ.